ದೊರೆಯ ಕಂಕುಳ ಗಂಟು

ಜನವರಿ 9

ಸೊಸೆಗೆ,

ಅಕ್ಷರ ನೋಡಿದ ಕೂಡಲೇ ಯಾರದೆಂದು ಗೊತ್ತಾಗಿರುತ್ತದೆ. ಹರಿದು ಬಿಸಾಡುವ ಮೊದಲು ಪೂರ್ತಿ ಓದು. ನಿನ್ನ ವಿಳಾಸವನ್ನು ನೀನು ಮೊದಲು ಕೆಲಸಕ್ಕಿದ್ದ ನಾಯಿ-ಬೆಕ್ಕಿನ ಕೂದಲು ಕತ್ತರಿಸುವ ಅಂಗಡಿಯ ಯಜಮಾನಿಯಿಂದ ಪಡೆದೆ. ಸುಲಭಕ್ಕೆ ಕೊಡಲಿಲ್ಲ. ಅವಳ ಪ್ಯಾಂಟು ಜಿಪ್ ಬದಲಾಯಿಸಲು ನನ್ನ ಹತ್ತಿರ ಬಂದಿತ್ತು. ವಿಳಾಸ ಬರುವವರೆಗೆ ಪ್ಯಾಂಟು ಹೋಗುವುದಿಲ್ಲ ಎಂದೆ. ಬಂತು.

ವಿಷಯ ಇಷ್ಟೇ. ನನ್ನ ಮಗ ಚರಂಡಿಯಿಂದ ಎತ್ತಿಕೊಂಡು ಬಂದು, ನೀವಿಬ್ಬರೂ ಸೇರಿ ದೊರೆ ಎಂದು ಹೆಸರಿಟ್ಟು ತಲೆಯ ಮೇಲೆ ಕೂರಿಸಿಕೊಂಡಿದ್ದ ಆ ಬೆಕ್ಕು ಈಗ ನೋಡಲಾಗದ ಸ್ಥಿತಿಗೆ ಬಂದಿದೆ. ಅಷ್ಟುದ್ದ ಕೂದಲೆಲ್ಲ ಜಡೆಗಟ್ಟಿದೆ. ಕಿವಿಗಳ ಹಿಂದೆ ಎರಡು ಗಂಟು, ಹೊಟ್ಟೆಯ ಕೆಳಗೆ ಹಳೆಯ ಕಂಬಳಿಯ ಚೂರಿನಂಥದೊಂದು, ಎಡಗಡೆಯ ಕಂಕುಳಲ್ಲಿ ನಿಂಬೆಹಣ್ಣಿನಷ್ಟು ದೊಡ್ಡದು. ನಡೆಯುವಾಗ ಆ ಕಾಲನ್ನು ಎಳೆದು ಹಾಕುತ್ತದೆ. ಬುಟ್ಟಿ ಕಂಡರೆ ಹುಲಿಯಾಗುತ್ತದೆ, ಆದ್ದರಿಂದ ಡಾಕ್ಟರ ಹತ್ತಿರ ಒಯ್ಯುವ ಧೈರ್ಯ ನನಗಿಲ್ಲ.

ನೀನು ಹೋದ ಮೇಲೆ ಅದನ್ನು ಬಾಚುವವರಿಲ್ಲ. ನಾನು ಹೊತ್ತು ಹೊತ್ತಿಗೆ ತಟ್ಟೆಗೆ ಹಾಕಿದ್ದೇನೆ, ನೀರಿಟ್ಟಿದ್ದೇನೆ, ಅಷ್ಟೇ. ಒಂದೂವರೆ ವರ್ಷದಲ್ಲಿ ಒಂದು ಸಲವೂ ಮುಟ್ಟಲಿಲ್ಲ. ನನ್ನ ಮಗ ಹೋದ ಆ ಮಧ್ಯಾಹ್ನ ಅದು ಅವನ ಎದೆಯ ಮೇಲೆ ಮಲಗಿತ್ತು. ಎಬ್ಬಿಸಲು ಹೋದಾಗ ನನ್ನ ಕೈಗೆ ಮೊದಲು ತಾಗಿದ್ದು ಅದರ ಬೆಚ್ಚಗಿನ ಮೈ, ಆಮೇಲೆ ಅವನದು. ಅದಕ್ಕೇ ಮುಟ್ಟಲು ಆಗಲಿಲ್ಲ.

ನಲವತ್ತು ವರ್ಷ ಬಟ್ಟೆ ಕತ್ತರಿಸಿದವಳಿಗೆ ಒಂದು ಬೆಕ್ಕಿನ ಕೂದಲು ಯಾವ ಲೆಕ್ಕ ಎಂದು ಮೊನ್ನೆ ಕತ್ತರಿ ಹಿಡಿದೆ. ಹಾಗೇ ಕೆಳಗಿಟ್ಟೆ. ಬಟ್ಟೆಗೆ ರಕ್ತ ಬರುವುದಿಲ್ಲ ನೋಡು. ಹೇಗೆ ಮಾಡಬೇಕೆಂದು ಬರೆದು ಕಳಿಸು. ಫೋನ್ ಬೇಡ. ಬರೆದಿದ್ದರೆ ಮೆಷಿನ್ನಿನ ಮುಂದಿನ ಗೋಡೆಗೆ ಅಂಟಿಸಿಕೊಂಡು, ನೋಡುತ್ತಾ ಮಾಡಬಹುದು. ಬೇರೆ ಯಾವ ವಿಷಯಕ್ಕೂ ಈ ಕಾಗದ ಬರೆದಿಲ್ಲ.

ಇತಿ,
ಅತ್ತೆ


ಜನವರಿ 21

ಅತ್ತೆಯವರಿಗೆ ನಮಸ್ಕಾರ.

ಉತ್ತರ ಬರೆಯಬಾರದೆಂದು ಒಂದು ವಾರ ಹಟ ಹಿಡಿದು ಕೂತಿದ್ದೆ. ಅವರು ಹೋದ ಐದನೆಯ ದಿನ, ಮನೆ ತುಂಬ ಜನ ಇದ್ದಾಗ ನೀವು ಆಡಿದ ಮಾತು ನನಗಿನ್ನೂ ಕಿವಿಯಲ್ಲಿದೆ. "ನಾಯಿ ಬೆಕ್ಕಿನ ಕೂದಲು ಬಾಚೋಕೆ ಇವಳಿಗೆ ಪುರುಸೊತ್ತಿತ್ತು, ಗಂಡನ ಎದೆನೋವಿಗೆ ಇರಲಿಲ್ಲ." ನಾನು ಅಂದು ಬಾಯಿ ಬಿಡಲಿಲ್ಲ, ಇಂದೂ ಬಿಡುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ದೊರೆ ನನಗೇನೂ ಅಂದಿಲ್ಲವಲ್ಲ. ಅದಕ್ಕೋಸ್ಕರ ಬರೆಯುತ್ತಿದ್ದೇನೆ.

ಸ್ನಾನ ಮಾಡಿಸಬೇಡಿ. ನೀರು ಬಿದ್ದರೆ ಜಡೆ ಇನ್ನೂ ಬಿಗಿಯುತ್ತದೆ. ನಿಮ್ಮ ದೊಡ್ಡ ಕತ್ತರಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ತುದಿ ಮೊಂಡಾಗಿರುವ ಚಿಕ್ಕ ಕತ್ತರಿ ಬೇಕು, ಜೊತೆಗೊಂದು ಲೋಹದ ಬಾಚಣಿಗೆ. ಹೊಟ್ಟೆ ತುಂಬಿ ನಿದ್ದೆಗಣ್ಣಾಗಿರುವಾಗ ಮಡಿಲಿಗೆ ಕರೆದುಕೊಳ್ಳಿ. ಗಂಟಿನ ಮೇಲೆ ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ, ಬೆರಳಿನಿಂದಲೇ ತುದಿಯಿಂದ ಬುಡದ ಕಡೆಗೆ ಬಿಡಿಸುತ್ತಾ ಬನ್ನಿ. ಕೂದಲ ಬುಡವನ್ನು ಇನ್ನೊಂದು ಕೈಯ ಎರಡು ಬೆರಳಲ್ಲಿ ಒತ್ತಿ ಹಿಡಿದಿದ್ದರೆ ಎಳೆತ ಚರ್ಮಕ್ಕೆ ತಾಗುವುದಿಲ್ಲ. ಅರ್ಧದಷ್ಟು ಗಂಟು ಹೀಗೇ ಬಿಡುತ್ತವೆ.

ಬಿಡದಿದ್ದರೆ ಮಾತ್ರ ಕತ್ತರಿ. ಮೊದಲು ಬಾಚಣಿಗೆಯನ್ನು ಚರ್ಮಕ್ಕೂ ಗಂಟಿಗೂ ನಡುವೆ ಮಲಗಿಸಿ ತೂರಿಸಿ. ಬಾಚಣಿಗೆಯ ಮೇಲಿರುವುದನ್ನಷ್ಟೇ, ಚೂರು ಚೂರಾಗಿ ಕತ್ತರಿಸಿ. ಬಾಚಣಿಗೆ ತೂರುವಷ್ಟು ಜಾಗ ಇಲ್ಲದಿದ್ದರೆ ಕತ್ತರಿ ಹಾಕಲೇಬೇಡಿ, ಅದು ಡಾಕ್ಟರ ಕೆಲಸ. ದಿನಕ್ಕೆ ಒಂದೇ ಗಂಟು. ಬಾಲ ಬಡಿಯತೊಡಗಿದರೆ ಅವತ್ತಿನ ಅಂಗಡಿ ಮುಚ್ಚಿ.

ಇತಿ,
ನಿಮ್ಮ ಮಗನ ಹೆಂಡತಿ


ಫೆಬ್ರುವರಿ 3

ಸೊಸೆಗೆ,

ನಿನ್ನ ಕಾಗದ ಗೋಡೆಗೆ ಹತ್ತಿದೆ. ಮೊದಲಿನ ನಾಲ್ಕು ಸಾಲನ್ನು ಮಡಿಸಿ ಒಳಗೆ ಮಾಡಿ, ಮೇಲೆ ಗುಂಡುಪಿನ್ನು ಚುಚ್ಚಿದ್ದೇನೆ. ಅಳತೆ ಕೊಡಲು ಬರುವವರು ಓದುತ್ತಾರಲ್ಲ.

ಮೊದಲ ದಿನ ದೊರೆಗಳು ಮಡಿಲಿಗೇ ಬರಲಿಲ್ಲ. ಒಂದೂವರೆ ವರ್ಷ ಮುಟ್ಟದವಳು ಇದ್ದಕ್ಕಿದ್ದಂತೆ ಬಾ ರಾಜಾ ಎಂದರೆ ಯಾರು ನಂಬುತ್ತಾರೆ? ಸೋಫಾದ ಕೆಳಗಿನಿಂದ ಎರಡು ಕಣ್ಣು ಮಾತ್ರ. ಎರಡನೆಯ ದಿನ ಮೀನಿನ ಚೂರು ತೋರಿಸಿದೆ. ಲಂಚ ತಿಂದು ಓಡಿಹೋಯಿತು. ಐದನೆಯ ದಿನ ತಾನಾಗೇ ಬಂದು, ನಾನು ತೋಳು ಹೊಲಿಯುತ್ತಿದ್ದ ಅಂಗಿಯ ಮೇಲೆ ಕೂತಿತು. ಅಂಗಿಯವರು ಬಂದು ಬೈದರು. ಬೈಯಲಿ ಬಿಡು.

ಬಲಗಿವಿಯ ಹಿಂದಿನ ಗಂಟು ಬೆರಳಿನಲ್ಲೇ ಬಿಟ್ಟಿತು. ಎಡಗಿವಿಯದಕ್ಕೆ ಬಾಚಣಿಗೆ ತೂರಿಸಿ ಒಂಬತ್ತು ಸಲ ಕತ್ತರಿಸಿದೆ, ಎಣಿಸಿಕೊಂಡೆ. ಹೊಟ್ಟೆಯದಕ್ಕೆ ನಾಲ್ಕು ದಿನ ಬೇಕಾಯಿತು. ಈಗ ಮಡಿಲಲ್ಲಿ ಕೂತಾಗ ಗುರುಗುಟ್ಟುತ್ತದೆ. ಅವನು ಬಾಚುವಾಗಲೂ ಹೀಗೇ ಗುರುಗುಟ್ಟುತ್ತಿತ್ತು, ಒಳಗಿನ ಕೋಣೆಯಿಂದ ನನಗೆ ಕೇಳಿಸುತ್ತಿತ್ತು. "ಲಿಫ್ಟ್ ಮೋಟಾರ್ ಸರಿ ಇದೆ ಅಮ್ಮ, ಸದ್ದು ಕೇಳು" ಎನ್ನುತ್ತಿದ್ದ. ಎಷ್ಟು ಕಟ್ಟಡಗಳ ಲಿಫ್ಟು ರಿಪೇರಿ ಮಾಡಿದವನು. ನಿನ್ನೆ ಅದರ ಬೆನ್ನಿನ ಮೇಲೆ ಮುಖ ಇಟ್ಟು ಅತ್ತುಬಿಟ್ಟೆ.

ಕಂಕುಳದ್ದೊಂದು ಉಳಿದಿದೆ. ನೀನು ಆ ಹಳೆಯ ಮಾತಿನ ಬಗ್ಗೆ ಬರೆದಿದ್ದೀಯ. ಅದಕ್ಕೆ ಉತ್ತರ ನನ್ನ ಹತ್ತಿರ ಇದೆ, ಬರೆಯಲು ಕೈ ಬರುತ್ತಿಲ್ಲ. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ?

ಇತಿ,
ಅತ್ತೆ


ಫೆಬ್ರುವರಿ 14

ಅತ್ತೆಯವರಿಗೆ ನಮಸ್ಕಾರ.

ದೊರೆ ಗುರುಗುಟ್ಟಿದ್ದನ್ನು ಓದಿ, ನಾನು ಕೆಲಸ ಮಾಡುವ ಆಸ್ಪತ್ರೆಯ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಹೊರಗೆ ಡಾಕ್ಟರಮ್ಮ, "ಏನಾಯ್ತೇ, ಯಾವ ನಾಯಿ ಕಚ್ಚಿತು?" ಎಂದು ಬಾಗಿಲು ಬಡಿಯುತ್ತಿದ್ದರು.

ನನಗೆ ಇಲ್ಲಿ ತೊಂದರೆ ಏನಿಲ್ಲ. ಪ್ರಾಣಿಗಳ ಆಸ್ಪತ್ರೆಯ ಹಿಂದೆಯೇ ಒಂದು ಕೋಣೆ ಕೊಟ್ಟಿದ್ದಾರೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಬೆಕ್ಕು ಇಟ್ಟುಕೊಳ್ಳುವ ಹಾಗಿಲ್ಲ. ಇಲ್ಲದಿದ್ದರೆ ದೊರೆಯನ್ನು ನಿಮ್ಮ ಹತ್ತಿರ ಬಿಟ್ಟು ಬರುತ್ತಿದ್ದೆನೇ?

ಕಂಕುಳ ಗಂಟಿನ ವಿಷಯ. ಎಲ್ಲಕ್ಕಿಂತ ಅಪಾಯದ ಜಾಗ ಅದು. ಅಲ್ಲಿ ಚರ್ಮ ಬಾಳೆಹಣ್ಣಿನ ಸಿಪ್ಪೆಗಿಂತ ತೆಳು, ಅಂಟಿಕೊಂಡೂ ಇರುವುದಿಲ್ಲ. ಗಂಟನ್ನು ಮೇಲೆತ್ತಿದರೆ ಚರ್ಮವೂ ಡೇರೆಯಂತೆ ಜೊತೆಗೇ ಎದ್ದು ಬರುತ್ತದೆ. ಕೂದಲೆಂದುಕೊಂಡು ಚರ್ಮವನ್ನೇ ಕತ್ತರಿಸುತ್ತೀರಿ. ನೀವು ಹೊಲಿಗೆಯವರಿಗೆ ಒಂದು ಅಭ್ಯಾಸ ಇದೆ, ನೋಡಿ ನೋಡಿ ನನಗೆ ಗೊತ್ತು: ದಾರದ ಗಂಟನ್ನು ಎತ್ತಿ ಹಿಡಿದು ಬುಡಕ್ಕೆ ಕತ್ತರಿ ಹಾಕುತ್ತೀರಿ. ಇಲ್ಲಿ ಮಾತ್ರ ಎತ್ತಬೇಡಿ. ದಮ್ಮಯ್ಯ ಅಂತೀನಿ, ಎತ್ತಬೇಡಿ. ಬಾಚಣಿಗೆ ತೂರದಿದ್ದರೆ ಬುಟ್ಟಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗಿ. ಪರಚಿದರೆ ಪರಚಲಿ.

ನೀವೂ ಊಟ ಬಿಡಬೇಡಿ. ಕೆಲಸ ಜಾಸ್ತಿ ಇರುವ ದಿನ ನೀವು ಊಟ ಮಾಡುವುದಿಲ್ಲ ಎಂದು ಅವರು ಯಾವಾಗಲೂ ಗೊಣಗುತ್ತಿದ್ದರು.

ಇತಿ,
ಸೊಸೆ


ಮಾರ್ಚ್ 8

ಅತ್ತೆ,

ಮೂರು ವಾರ ಆಯಿತು, ನಿಮ್ಮ ಕಾಗದ ಇಲ್ಲ. ದೊರೆಯ ಕಂಕುಳು ಹೇಗಿದೆ? ನಿಮಗೆ ಹುಷಾರಿಲ್ಲವೇ? ನನ್ನ ಕಡೆಯಿಂದ ಯಾವುದಾದರೂ ಮಾತು ಹೆಚ್ಚುಕಮ್ಮಿ ಆಗಿದ್ದರೆ ಹಾಗೆಂದೇ ಬರೆಯಿರಿ. ಸುಮ್ಮನಿರಬೇಡಿ. ನೀವು ಸುಮ್ಮನಿದ್ದರೆ ನನಗೆ ಹೆದರಿಕೆಯಾಗುತ್ತದೆ.

ಸೊಸೆ


ಮಾರ್ಚ್ 16

ಸೊಸೆಗೆ,

ಕತ್ತರಿಸಿಬಿಟ್ಟೆ. ಚರ್ಮವನ್ನೇ ಕತ್ತರಿಸಿಬಿಟ್ಟೆ.

ನಿನ್ನ ಕಾಗದ ಎದುರಿಗೇ ಇತ್ತು. ಎತ್ತಬೇಡಿ ಎಂದು ನೀನು ಎರಡು ಸಲ ಬರೆದದ್ದಕ್ಕೆ ಬಟ್ಟೆಗೆ ಗುರುತು ಹಾಕುವ ಕೆಂಪು ಚಾಕ್‌ಪೀಸಿನಲ್ಲಿ ಗೆರೆಯನ್ನೂ ಎಳೆದಿದ್ದೆ. ಬಾಚಣಿಗೆ ತೂರಲಿಲ್ಲ. ಅಲ್ಲಿಗೇ ಬಿಡಬೇಕಿತ್ತು. ಇನ್ನೊಂದೇ ಒಂದು, ಇದೊಂದು ಮುಗಿಸಿಬಿಡೋಣ ಎಂದುಕೊಂಡೆ. ಎಡಗೈ ತಾನಾಗಿ ಗಂಟನ್ನು ಎತ್ತಿತು, ಬಲಗೈ ತಾನಾಗಿ ಬುಡಕ್ಕೆ ಹಾಕಿತು. ನಲವತ್ತು ವರ್ಷದ ಕೈ, ನನ್ನನ್ನೇನೂ ಕೇಳಲಿಲ್ಲ. ದೊರೆ ಕಿರುಚಿದ್ದು ಈಗಲೂ ಕೇಳುತ್ತಿದೆ. ಗಾಯ ಎರಡು ಬೆರಳಗಲ ಬಾಯಿ ತೆರೆದುಕೊಂಡಿತ್ತು.

ಹತ್ತಿ ಒತ್ತಿ ಹಿಡಿದೆ, ರಕ್ತ ನಿಂತಿತು. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ನಿನಗೆ ಬರೆಯಬೇಕಾಗುತ್ತದೆ. ಇಷ್ಟು ಬಿಡಿಸಿ ಹೇಳಿದರೂ ಈ ಮುದುಕಿ ಹೀಗೆ ಮಾಡಿದಳಲ್ಲ ಎಂದು ನೀನು ಕಾಗದ ನಿಲ್ಲಿಸುತ್ತೀಯ. ತಾನಾಗೇ ಮಾಯುತ್ತದೆ ಎಂದು ನಾಲ್ಕು ದಿನ ಮುಚ್ಚಿಟ್ಟೆ. ಕೀವು ಬಂತು. ದೊರೆ ತಟ್ಟೆಯ ಕಡೆ ತಿರುಗಿ ನೋಡುವುದನ್ನೂ ಬಿಟ್ಟಿತು. ಆಗ ಎತ್ತಿಕೊಂಡು ಓಡಿದೆ. ಬುಟ್ಟಿಯೂ ಬೇಕಾಗಲಿಲ್ಲ, ಪರಚುವ ಶಕ್ತಿಯೇ ಇರಲಿಲ್ಲ ಅದಕ್ಕೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಅರಿವಳಿಕೆ ಕೊಟ್ಟು, ಗಾಯ ತೊಳೆದು ಏಳು ಹೊಲಿಗೆ ಹಾಕಿದರು. ಹೊಲಿಗೆ ಚೆನ್ನಾಗಿತ್ತು, ಅಷ್ಟು ದುಃಖದಲ್ಲೂ ಅದನ್ನು ನೋಡಿದೆ. ಆಮೇಲೆ ಕೈ ತೊಳೆಯುತ್ತಾ ಕೇಳಿದರು: "ಕತ್ತರಿ ತಾಗಿದ್ದು ಇರಲಿ ಬಿಡಮ್ಮ, ಎಲ್ಲರ ಕೈಲೂ ಆಗತ್ತೆ. ನಾಲ್ಕು ದಿನ ಯಾಕೆ ಮುಚ್ಚಿಟ್ರಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಅವರು ಕೇಳಿದ್ದು ಬೆಕ್ಕಿನ ವಿಷಯ. ನಾನು ಅಲ್ಲೇ ಗೋಡೆ ಹಿಡಿದು ಕೂತುಬಿಟ್ಟೆ. ಪಾಪ, ಅವರು ಗಾಬರಿಯಾಗಿ ನನಗೇ ನೀರು ಕುಡಿಸಿದರು.

ಈಗ ಬರೆಯುತ್ತೇನೆ. ಓದಿದ ಮೇಲೆ ನೀನು ಏನು ಮಾಡಿದರೂ ಸರಿ.

ಆ ದಿನ ಅವನು ಹನ್ನೊಂದು ಗಂಟೆಗೇ ಕೆಲಸದಿಂದ ವಾಪಸು ಬಂದ. ಎದೆ ಉರಿ ಎಂದ, ಎಡಗೈ ಭಾರ ಎಂದ. "ಡಾಕ್ಟರ್ ಹತ್ರ ಹೋಗಿ ಬರೋಣ್ವಾ ಅಮ್ಮ?" ಎಂದು ಕೇಳಿದ. ಕೇಳಿದ, ಕಣೇ. ನನ್ನ ಮುಂದೆ ನಲವತ್ತು ಯೂನಿಫಾರಂ ಇತ್ತು, ಶಾಲೆಯವರು ಸಂಜೆ ಬರುವವರಿದ್ದರು. ನಾನು ತಲೆ ಕೂಡ ಎತ್ತದೆ, "ಹೊಟ್ಟೆ ಖಾಲಿ ಬಿಟ್ಕೊಂಡು ಓಡಾಡಿದ್ರೆ ಗ್ಯಾಸ್ ಆಗ್ದೆ ಇನ್ನೇನು? ಬಿಸಿನೀರು ಕುಡಿದು ಮಲ್ಕೋ. ಇದೊಂದು ಮುಗಿಸ್ತೀನಿ, ಸಂಜೆ ಹೋಗೋಣ" ಎಂದೆ. ಮಲಗಿದ. ಎರಡು ಸಲ ಎದ್ದುಹೋಗಿ ನೋಡಿದೆ. ಎರಡನೆಯ ಸಲ "ಕಮ್ಮಿ ಆಗಿದೆ ಅಮ್ಮ" ಎಂದು ನಕ್ಕ. ಮೂರನೆಯ ಸಲ ಹೋದಾಗ ನಾಲ್ಕು ಗಂಟೆ.

ಐದನೆಯ ದಿನ ನಿನ್ನ ಮೇಲೆ ಆ ಮಾತು ಎಸೆದದ್ದು ಯಾಕೆ ಗೊತ್ತೇ? ಬಂದವರಲ್ಲಿ ಯಾರೋ, "ಬೆಳಗ್ಗೆಯಿಂದ ಮನೇಲಿ ಯಾರಿದ್ರು?" ಎಂದು ಕೇಳಿದರು. ಎಲ್ಲರ ಕಣ್ಣು ನನ್ನ ಕಡೆ ತಿರುಗುವ ಮೊದಲು ನಿನ್ನ ಕಡೆ ತಿರುಗಿಸಿದೆ. ಅಷ್ಟೇ. ನಿನ್ನ ತಪ್ಪು ಒಂದು ಕೂದಲಿನಷ್ಟೂ ಇರಲಿಲ್ಲ. ನನ್ನ ಮಗನನ್ನು ಮಲಗಿಸಿದವಳು ನಾನು.

ಅತ್ತೆ


ಏಪ್ರಿಲ್ 4

ಸೊಸೆಗೆ,

ಉತ್ತರ ಬರಲಿಲ್ಲ. ಬರುತ್ತದೆಂದು ಕಾಯಲು ನನಗೆ ಮುಖವೂ ಇಲ್ಲ. ಅಂದು ಬಂದಿದ್ದವರಲ್ಲಿ ಆರು ಮನೆಗೆ ನಾನೇ ಹೋಗಿ, ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿ ಬಂದೆ. ನಿನ್ನ ದೊಡ್ಡಮ್ಮನ ಮನೆಗೂ ಹೋದೆ. ಒಬ್ಬರು ನೀರು ಕೊಟ್ಟರು, ಒಬ್ಬರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಎರಡೂ ಸರಿಯೇ.

ದೊರೆಯ ಹೊಲಿಗೆ ಬಿಚ್ಚಿದರು. ತಟ್ಟೆ ನೆಕ್ಕಿ ಖಾಲಿ ಮಾಡುತ್ತಿದೆ. ಕಾಲು ಎಳೆಯುವುದು ನಿಂತಿದೆ. ಇದನ್ನಾದರೂ ನಿನಗೆ ತಿಳಿಸಬೇಕು ಎನಿಸಿತು.

ಅತ್ತೆ


ಏಪ್ರಿಲ್ 20

ಅತ್ತೆ,

ನನಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

ಅವರು ಆ ಮಧ್ಯಾಹ್ನ ನನಗೆ ಫೋನ್ ಮಾಡಿದ್ದರು. ಎದೆ ಉರಿ ಎಂದೂ ಹೇಳಿದರು, ಅಮ್ಮ ಸಂಜೆ ಹೋಗೋಣ ಅಂದಿದ್ದಾಳೆ ಎಂದೂ ಹೇಳಿದರು. ಅಷ್ಟು ಜನರ ನಡುವೆ ನೀವು ನನ್ನ ಮೇಲೆ ಆ ಮಾತು ಎಸೆದಾಗ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ವಾಕ್ಯ ಸಾಕಾಗಿತ್ತು. ನೀವು ಅಲ್ಲೇ ಕುಸಿದುಬೀಳುತ್ತಿದ್ದಿರಿ. ನುಂಗಿಕೊಂಡೆ. ಆಮೇಲಿನ ಒಂದು ತಿಂಗಳು ನೀವು ಪಾತ್ರೆ ಕುಕ್ಕಿದಾಗಲೆಲ್ಲ, ಮುಖ ತಿರುಗಿಸಿದಾಗಲೆಲ್ಲ ಆ ವಾಕ್ಯ ಗಂಟಲವರೆಗೂ ಬರುತ್ತಿತ್ತು. ನೀವು ಅಂದದ್ದಕ್ಕೆ ನಾನು ಮನೆ ಬಿಡಲಿಲ್ಲ, ಅತ್ತೆ. ಇದ್ದರೆ ಒಂದಲ್ಲ ಒಂದು ದಿನ ನಾನು ಅಂದುಬಿಡುತ್ತೇನೆ ಎಂದು ಹೆದರಿ ಮನೆ ಬಿಟ್ಟೆ.

ಹಾಗೆಂದು ನನ್ನನ್ನು ದೇವತೆ ಮಾಡಬೇಡಿ. ನಿಮ್ಮ ಮೇಲೆ ನನಗೆ ಸಿಟ್ಟಿತ್ತು, ಈಗಲೂ ಇದೆ. ದೊಡ್ಡಮ್ಮ ನಿಮ್ಮ ಮಾತು ಕೇಳಿ ಮೊನ್ನೆ ಫೋನ್ ಮಾಡಿ ಅತ್ತರು. ಒಂದೂವರೆ ವರ್ಷ ಅವರೂ ನನ್ನನ್ನು ಮಾತಾಡಿಸಿರಲಿಲ್ಲ. ಅದು ವಾಪಸು ಬರುತ್ತದೆಯೇ?

ಇನ್ನೊಂದು. ನನ್ನ ತಪ್ಪು ಕೂದಲಿನಷ್ಟೂ ಇಲ್ಲ ಎಂದು ಬರೆದಿದ್ದೀರಿ. ಇದೆ. ಫೋನ್ ಬಂದಾಗ ಮೇಜಿನ ಮೇಲೆ ಅರ್ಧ ಮೈಯ ಕೂದಲು ಕತ್ತರಿಸಿದ ನಾಯಿ ಇತ್ತು. ನಾನೂ "ಸರಿ, ಸಂಜೆ ಬೇಗ ಬರ್ತೀನಿ" ಎಂದವಳೇ. ಬಿಟ್ಟು ಓಡಿ ಬರಬಹುದಿತ್ತು. ಬರಲಿಲ್ಲ. ಆ ನಾಯಿಯ ಇನ್ನರ್ಧ ಕೂದಲು ಕತ್ತರಿಸಿ ಮುಗಿಸಿದೆ. ನೀವು ಅಂದ ಮಾತು ಅಷ್ಟು ಚುಚ್ಚಿದ್ದು ಅದರಲ್ಲಿ ನಿಜ ಇದ್ದದ್ದಕ್ಕೇ.

ಸದ್ಯಕ್ಕೆ ಬರಲಾರೆ. ಕಾಗದ ನಿಲ್ಲಿಸುವುದಿಲ್ಲ. ದೊರೆಯನ್ನು ವಾರಕ್ಕೆ ಮೂರು ದಿನ ಬಾಚಿ, ಮತ್ತೆ ಜಡೆಗಟ್ಟಲು ಬಿಡಬೇಡಿ.

ನಿಮ್ಮ ಸೊಸೆ


ಮೇ 1

ಮಗಳೇ,

ನಿನ್ನ ಕಾಗದ ಓದಿ ಮೂರು ದಿನ ಮೆಷಿನ್ನಿನ ಮುಂದೆ ಕೂರಲಿಲ್ಲ. ನೀನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲ ಗೊತ್ತಿದ್ದೂ ಒಂದು ತಿಂಗಳು ನನ್ನ ತಟ್ಟೆಗೆ ಬಡಿಸಿದೆಯಲ್ಲ, ಅದನ್ನು ಹೇಗೆ ತಡೆದುಕೊಳ್ಳಲಿ?

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಲು ಒಂದೇ ಇದೆ, ಕೊಡಬೇಕೆನಿಸಿದರೆ ಕೊಡು. ಅವನು ನಿನಗೆ ಫೋನ್ ಮಾಡಿದ್ದು ನನಗೆ ಇಷ್ಟು ದಿನ ಗೊತ್ತಿರಲಿಲ್ಲ. "ಕಮ್ಮಿ ಆಗಿದೆ ಅಮ್ಮ" ಎಂದದ್ದೇ ಅವನ ಕೊನೆಯ ಮಾತು ಎಂದು ಅದನ್ನೇ ತಿರುಗಿಸಿ ಮುರುಗಿಸಿ ಇಷ್ಟು ದಿನ ಕಳೆದೆ. ಈಗ ಅವನ ಇನ್ನೂ ನಾಲ್ಕು ಮಾತು ನಿನ್ನ ಹತ್ತಿರ ಇದೆಯೆಂದು ತಿಳಿದ ಮೇಲೆ ಹಸಿದವಳ ಹಾಗೆ ಆಗಿದ್ದೇನೆ. ಏನೇನು ಹೇಳಿದ? ನನ್ನನ್ನು ಬೈದಿದ್ದರೆ ಅದನ್ನೂ ಬರೆ. ಒಂದು ಮಾತೂ ಬಿಡಬೇಡ.

ಅತ್ತೆ


ಮೇ 12

ಅತ್ತೆ,

ಬರೆಯುತ್ತೇನೆ. ನೀವು ಕೂತುಕೊಂಡು ಓದಿ.

ಫೋನ್ ಬಂದದ್ದು ಒಂದು ಗಂಟೆ ದಾಟಿದ ಮೇಲೆ. ತುಂಬ ಮೆಲ್ಲಗೆ ಮಾತಾಡುತ್ತಿದ್ದರು. ಯಾಕೆ ಪಿಸುಗುಟ್ಟುತ್ತೀರಿ ಎಂದು ಕೇಳಿದೆ. "ಅಮ್ಮ ಹೊರಗಡೆ ಹೊಲೀತಾ ಇದ್ದಾಳೆ, ಕೇಳಿಸ್ಕೋತಾಳೆ" ಎಂದರು. ಎದೆ ಉರಿ, ಅಮ್ಮ ಗ್ಯಾಸ್ ಅಂತಾಳೆ, ಸಂಜೆ ಹೋಗೋಣ ಅಂದಿದ್ದಾಳೆ ಎಂದರು. ಈಗಲೇ ಹೋಗಬೇಕೇ ಎಂದು ಕೇಳಿದೆ. "ನಿಜ ಹೇಳ್ಬೇಕಂದ್ರೆ ನೋವು ಜಾಸ್ತೀನೇ ಇದೆ. ಅಮ್ಮನಿಗೆ ಕಮ್ಮಿ ಆಯ್ತು ಅಂತ ಹೇಳ್ತೀನಿ. ಬೆಳಗ್ಗೆಯಿಂದ ತಿಂಡೀನೂ ತಿಂದಿಲ್ಲ ಅವಳು, ನಲವತ್ತು ಯೂನಿಫಾರಂ ಇದೆ, ಗಾಬರಿ ಆಗ್ಬಿಡ್ತಾಳೆ. ನೀನೂ ಹೇಳ್ಬೇಡ" ಎಂದರು. ಹೇಳುವುದಿಲ್ಲ ಎಂದೆ. ಮಾತು ಕೊಟ್ಟೆ. ಅಷ್ಟು ದಿನ ನಾನು ಸುಮ್ಮನಿದ್ದದ್ದಕ್ಕೆ ಅದೂ ಒಂದು ಕಾರಣ.

ನಿಮ್ಮನ್ನು ಬೈಯಲಿಲ್ಲ, ಅತ್ತೆ. ನೀವು ಒಂದು ಸಲ ಒಳಗೆ ಬಂದು ಹಣೆ ಮುಟ್ಟಿ ನೋಡಿ ಹೋದದ್ದನ್ನು ಹೇಳಿದರು. "ಕೈಯೆಲ್ಲ ಚಾಕ್‌ಪೀಸ್ ಪುಡಿ ಅವಳದ್ದು, ನನ್ನ ಹಣೆ ಮೇಲೆ ಈಗ ಬಿಳಿ ಬೆರಳು ಮೂಡಿರ್ಬೇಕು" ಎಂದು ನಕ್ಕರು. ದೊರೆ ಎದೆಯ ಮೇಲೆ ಹತ್ತಿ ಕೂತಿದೆ, ಇಳಿಸಿದರೂ ಇಳಿಯುತ್ತಿಲ್ಲ ಎಂದರು. ನಾನು ಸಂಜೆ ಬೇಗ ಬರುತ್ತೇನೆ ಎಂದೆ. ಹೂಂ ಎಂದರು.

ಆ ಕಡೆಯಿಂದ ನಿಮ್ಮ ಮೆಷಿನ್ನಿನ ಸದ್ದು ಅಷ್ಟು ಹೊತ್ತೂ ಕೇಳುತ್ತಿತ್ತು. ಅದು ನಿಂತಿತು. ಆಗ ಅವರು ಹೇಳಿದ್ದು ಇಷ್ಟೇ, ಆಮೇಲೆ ನಾನು ಅವರ ದನಿ ಕೇಳಿಲ್ಲ:

"ಫೋನ್ ಇಡ್ತೀನಿ, ಅಮ್ಮ ಬಂದ್ಲು."

ನಿಮ್ಮ ಸೊಸೆ